ಬಾಯಿ ತೆರೆದು ಕೂತ ಕಾಗೆ

ಏಪ್ರಿಲ್ ಕೊನೆಯ ವಾರ, ಮಧ್ಯಾಹ್ನ ಎರಡು ಗಂಟೆ. ಕಲಬುರಗಿಯ ಯಾವ ಓಣಿಯಾದರೂ ಸರಿ, ಬೇವಿನ ಮರದ ಒಳಕೊಂಬೆಗಳನ್ನು ದಿಟ್ಟಿಸಿದರೆ ಒಂದು ಕಾಗೆ ಕಣ್ಣಿಗೆ ಬೀಳುತ್ತದೆ. ಕೊಕ್ಕು ತೆರೆದಿದೆ, ರೆಕ್ಕೆಗಳು ಮೈಯಿಂದ ತುಸು ಸರಿದು ಜೋತಿವೆ, ಪುಕ್ಕ ಎಣ್ಣೆ ಹಚ್ಚಿ ಬಾಚಿದಂತೆ ಮೈಗಂಟಿದೆ. ಕಟ್ಟೆಯ ಮೇಲೆ ಕೂತವರು "ಕಾಗಿ ಬಾಯಿ ತಕ್ಕೊಂಡು ಕುಂತದ ನೋಡ್ರಿ, ನೀರಡಿಕಿ ಆಗ್ಯದ ಪಾಪ" ಅನ್ನುತ್ತಾರೆ. ಕರುಣೆ ಸರಿ, ಲೆಕ್ಕ ಉಲ್ಟಾ. ಬಾಯಿ ತೆರೆದ ಹಕ್ಕಿ ನೀರು ಬೇಡುತ್ತಿಲ್ಲ, ತನ್ನ ಮೈಯೊಳಗಿನ ನೀರನ್ನು ಖರ್ಚು ಮಾಡಿ ಮೈ ತಂಪು ಮಾಡಿಕೊಳ್ಳುತ್ತಿದೆ.

ಈ ಕಾಗೆಯನ್ನು ಹಿಡಿದು ಬಾಯಿಗೆ ನೀರು ಹುಯ್ಯುವವರಿದ್ದಾರೆ. ಬೇಸಿಗೆಯಲ್ಲಿ ಜನ ಎತ್ತಿಕೊಂಡು ಬರುವ ಹಕ್ಕಿಗಳಲ್ಲಿ ಎಷ್ಟೋ ಬಿಸಿಲಿನಿಂದಲ್ಲ, ಉಪಚಾರದಿಂದ ಸಾಯುತ್ತವೆ. ನಮ್ಮ ಮೈಯ ಲೆಕ್ಕದಲ್ಲಿ ಹಕ್ಕಿಯ ಮೈಯನ್ನು ನೋಡುವುದೇ ಇದರ ಮೂಲ. ಹಾಗಾಗಿ ಮೊದಲು ಆ ಮೈ ಹೇಗೆ ನಡೆಯುತ್ತದೆ ಅನ್ನುವುದು ಗೊತ್ತಿರಬೇಕು.

ನಮ್ಮ ಮೈಶಾಖ 37 ಡಿಗ್ರಿ. ಹೆಚ್ಚಿನ ಹಕ್ಕಿಗಳದು 40ರಿಂದ 42. ಈ ನಾಲ್ಕೈದು ಡಿಗ್ರಿ ಹಕ್ಕಿಗೆ ಲಾಭವೇ. ಗಾಳಿ 39 ಡಿಗ್ರಿ ಇದ್ದಾಗ ನಮ್ಮ ಮೈಗೆ ಹೊರಗಿನ ಕಾವು ಒಳಬರುತ್ತಿದ್ದರೆ, ಗುಬ್ಬಿಯ ಮೈಯ ಕಾವು ಇನ್ನೂ ಹೊರಗೆ ಹರಿಯುತ್ತಿರುತ್ತದೆ. ಆದರೆ ಗಾಳಿಯೇ 42 ಮುಟ್ಟಿದರೆ ಈ ಹರಿವು ನಿಲ್ಲುತ್ತದೆ, ಆಮೇಲೆ ತಿರುಗುತ್ತದೆ. ಕಲಬುರಗಿ, ಯಾದಗಿರಿಯ ಮೇ ತಿಂಗಳು ಈ ಗೆರೆಯನ್ನು ದಾಟುವುದು ಹೊಸದೇನಲ್ಲ. ಬೀದರ್ ಎತ್ತರದಲ್ಲಿರುವುದರಿಂದ ಒಂದೆರಡು ಡಿಗ್ರಿ ಉಳಿಯುತ್ತದೆ, ಅಷ್ಟೇ. ಹಕ್ಕಿಯ ಮೈ 46–47 ಡಿಗ್ರಿಗೆ ಏರಿದರೆ ಬದುಕುವುದಿಲ್ಲ. ಅಂದರೆ ಬದುಕು ಸಾವಿನ ನಡುವೆ ಇರುವುದು ಐದು ಡಿಗ್ರಿಯ ಸಂದು.

ಈ ಸಂದಿನಲ್ಲಿ ಉಳಿದಿರುವ ದಾರಿ ಒಂದೇ, ನೀರನ್ನು ಆವಿ ಮಾಡುವುದು. ಗಡಿಗೆಯ ನೀರು ತಣ್ಣಗಾಗುವ ಲೆಕ್ಕವೇ ಇದು. ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 2400 ಜೂಲ್ ಕಾವನ್ನು ಹೊತ್ತೊಯ್ಯುತ್ತದೆ. ನಾವು ಬೆವರುತ್ತೇವೆ. ಹಕ್ಕಿಗೆ ಬೆವರಿನ ಗ್ರಂಥಿಗಳೇ ಇಲ್ಲ, ಇದ್ದಿದ್ದರೂ ಪುಕ್ಕದಡಿ ಬೆವರಿ ಪ್ರಯೋಜನವಿರಲಿಲ್ಲ. ಅದಕ್ಕೇ ಆವಿ ಮಾಡುವ ಕೆಲಸ ಬಾಯಿ, ಗಂಟಲು, ಉಸಿರಿನ ಕೊಳವೆಗಳ ಒದ್ದೆ ಒಳಮೈಗೆ ಬಿದ್ದಿದೆ.

ಉಸಿರಾಟದ ಏರ್ಪಾಡೂ ಇದಕ್ಕೆ ಒಗ್ಗುವಂಥದ್ದು. ಹಕ್ಕಿಯ ಶ್ವಾಸಕೋಶ ನಮ್ಮದರಂತೆ ಉಬ್ಬಿ ಇಳಿಯುವುದಿಲ್ಲ. ಬೆನ್ನಿನ ಗೂಡಿಗೆ ಅಂಟಿದ ಬಿಗಿಯಾದ ಸ್ಪಂಜಿನಂತೆ ಇರುತ್ತದೆ. ಕಮ್ಮಾರನ ತಿದಿಯ ಕೆಲಸ ಮಾಡುವುದು ಗಾಳಿಚೀಲಗಳು, ಸಾಮಾನ್ಯವಾಗಿ ಒಂಬತ್ತು. ಕುತ್ತಿಗೆಯ ಬುಡದಿಂದ ಹೊಟ್ಟೆಯ ತನಕ ಹರಡಿರುವ ಇವು ಕೆಲವು ಎಲುಬುಗಳ ಒಳಗೂ ಹೊಕ್ಕಿರುತ್ತವೆ. ಒಂದು ಸಲ ಎಳೆದುಕೊಂಡ ಗಾಳಿ ಪೂರ್ತಿ ಹೊರಬರಲು ಎರಡು ಉಸಿರು ಬೇಕು, ಶ್ವಾಸಕೋಶದಲ್ಲಿ ಅದು ಒಂದೇ ದಿಕ್ಕಿಗೆ ಹರಿಯುತ್ತದೆ. ಎದೆ, ಹೊಟ್ಟೆಗಳ ನಡುವೆ ನಮ್ಮಲ್ಲಿರುವಂಥ ಸ್ನಾಯುವಿನ ಪರದೆ, ಅಂದರೆ ವಪೆ, ಹಕ್ಕಿಗಿಲ್ಲ. ಎದೆಯ ಎಲುಬು ಮುಂದಕ್ಕೂ ಹಿಂದಕ್ಕೂ ಆಡಿದರೆ ಮಾತ್ರ ತಿದಿ ನಡೆಯುತ್ತದೆ. ಹಕ್ಕಿಯನ್ನು ಎದೆ ಸುತ್ತ ಮುಷ್ಟಿ ಬಿಗಿದು ಹಿಡಿಯಬಾರದು ಅನ್ನುವುದು ಇದಕ್ಕೇ. ಮೂಗು ಬಾಯಿ ತೆರೆದೇ ಇದ್ದರೂ ಉಸಿರು ಕಟ್ಟಿ ಸಾಯುತ್ತದೆ. ಪ್ರೀತಿಯಿಂದ ಬಿಗಿ ಹಿಡಿದ ಮಕ್ಕಳ ಕೈಯಲ್ಲಿ ಗುಬ್ಬಿಮರಿ ಸಾಯುವುದೂ ಹೀಗೆಯೇ.

ಕಾಗೆ, ಗೊರವಂಕ, ಗುಬ್ಬಿ ತೇಕುತ್ತವೆ. ಬೆಳವ, ಪಾರಿವಾಳ, ಗೂಬೆ, ನೀರುಕಾಗೆಗಳಿಗೆ ಇನ್ನೊಂದು ಉಪಾಯವಿದೆ. ನಾಲಿಗೆಯ ಬುಡದ ಎಲುಬನ್ನು ಆಡಿಸಿ ಗಂಟಲಿನ ತೆಳು ಚರ್ಮವನ್ನಷ್ಟೇ ಪಟಪಟ ಬಡಿಸುತ್ತವೆ. ಇಡೀ ಎದೆ ಆಡಿಸುವುದಕ್ಕಿಂತ ಇದಕ್ಕೆ ಶ್ರಮ ಕಡಿಮೆ. ನೀರುಕಾಗೆಯ ಗಂಟಲು ದೂರದಿಂದಲೂ ನಡುಗಿದಂತೆ ಕಾಣುತ್ತದೆ. ಅದನ್ನು ಕಂಡು ಜ್ವರದ ನಡುಕ ಅಂದುಕೊಂಡವರೂ ಉಂಟು. ಬೆಳವ, ಪಾರಿವಾಳಗಳು ಚರ್ಮದ ಮೂಲಕವೂ ಸಾಕಷ್ಟು ನೀರನ್ನು ಆವಿಯಾಗಿಸುತ್ತವೆ. ನಡುಮಧ್ಯಾಹ್ನ ಕಾಗೆ ನೆರಳು ಹಿಡಿದು ತೇಕುತ್ತಿರುವಾಗ ಬೆಳವ ನೆಲದ ಮೇಲೆ ಆರಾಮಾಗಿ ಓಡಾಡಿಕೊಂಡಿರುವ ಗುಟ್ಟು ಇದು.

ತೇಕುವುದಕ್ಕೆ ಬೆಲೆಯೂ ಇದೆ. ಜೋರಾಗಿ ತೇಕಿದಷ್ಟೂ ರಕ್ತದ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ. ಇದು ಕಣ್ಣಿಗೆ ಕಾಣುವುದು ಕೋಳಿ ಸಾಕಿದವರ ಮನೆಯಲ್ಲಿ. ಮೇ ತಿಂಗಳಲ್ಲಿ ಹಿಡಿದರೆ ಒಡೆಯುವಂಥ ತೆಳು ಸಿಪ್ಪೆಯ ತತ್ತಿ ಬರುತ್ತದೆ. ಸುಣ್ಣದ ಸಿಪ್ಪೆ ಕಟ್ಟಲು ಬೇಕಾದ ಕಾರ್ಬೋನೇಟ್ ಉಸಿರಿನಲ್ಲಿ ಹೋಗಿರುತ್ತದೆ. ಸುಣ್ಣದ ಪುಡಿ ಎಷ್ಟು ಹಾಕಿದರೂ ಅರ್ಧ ಕೆಲಸ, ತೇಕುವುದು ಕಡಿಮೆಯಾಗಬೇಕು. ಮೇವು ಅರಗುವಾಗ ಮೈ ಕಾಯುತ್ತದೆ, ಹೀಗಾಗಿ ಬೆಳಗಿನ ಆರಕ್ಕೆ ಒಮ್ಮೆ, ಹೊತ್ತಿಳಿದ ಮೇಲೆ ಒಮ್ಮೆ ಹಾಕಿ, ನಡುಹೊತ್ತು ಬರೀ ನೀರಿಡಬೇಕು. ಸಾಧಾರಣ ದಿನಗಳಲ್ಲಿ ಕೋಳಿ ತಿಂದ ಮೇವಿನ ಎರಡರಷ್ಟು ತೂಕದ ನೀರು ಕುಡಿಯುತ್ತದೆ, ಬಿಸಿಲಲ್ಲಿ ಅದು ನಾಲ್ಕರಷ್ಟಾಗಬಹುದು. ಬಿಸಿ ನೀರನ್ನು ಕೋಳಿ ಕುಡಿಯದು. ಮಾಳಿಗೆಯ ಮೇಲಿನ ಟಾಕಿಯಿಂದ ಮಧ್ಯಾಹ್ನ ಬಿಟ್ಟ ನೀರು ಇಟ್ಟರೆ ಇಟ್ಟಂತಲ್ಲ. ಗೂಡಿನ ಉದ್ದ ಪೂರ್ವ–ಪಶ್ಚಿಮಕ್ಕಿದ್ದರೆ ಬಿಸಿಲು ಒಳನುಗ್ಗುವುದು ಕಡಿಮೆ. ಒದ್ದೆ ಗೋಣಿತಟ್ಟು ಕಟ್ಟುವುದು ನಮ್ಮ ಒಣ ಬೇಸಿಗೆಗೆ ಒಳ್ಳೆಯ ಉಪಾಯ. ಆದರೆ ಮಳೆಗೆ ಮುಂಚಿನ ಆ ಸೆಖೆಯ ದಿನಗಳು ಬರುತ್ತವಲ್ಲ, ಮೋಡ ಕವಿದು ಗಾಳಿ ನಿಂತು ಬಿಡುವ ದಿನಗಳು, ಆಗ ಒದ್ದೆ ಗೋಣಿಯೂ ಕೋಳಿಯ ತೇಕೂ ಎರಡೂ ಕೆಲಸ ಮಾಡವು. ಗಾಳಿಯಲ್ಲೇ ತೇವ ತುಂಬಿರುವಾಗ ನೀರು ಆವಿಯಾಗುವುದು ಎಲ್ಲಿಂದ? 43 ಡಿಗ್ರಿಯ ಒಣ ಬಿಸಿಲನ್ನು ತಡೆದ ಕೋಳಿ 38ರ ಸೆಖೆಯಲ್ಲಿ ಸಾಯುವುದು ಹೀಗೆ. ಅಂಥ ದಿನ ಗೋಣಿ ಬಿಚ್ಚಿ, ಫ್ಯಾನ್ ಹಚ್ಚಿ ಗಾಳಿ ಆಡಿಸಬೇಕು.

ಪುಕ್ಕದ ಬಗ್ಗೆ ಒಂದು ಮಾತು. ಇಷ್ಟು ಬಿಸಿಲಲ್ಲಿ ಮೈತುಂಬ ಕಂಬಳಿ ಹೊದ್ದಂತಲ್ಲವೇ ಅನ್ನಿಸುತ್ತದೆ. ಹೊಲದಲ್ಲಿ ಕೆಲಸ ಮಾಡುವವರು ತಲೆಗೆ ದಪ್ಪ ಟವೆಲ್ ಸುತ್ತುವುದು ಯಾಕೆ? ಹೊರಗಿನ ಕಾವನ್ನು ಹೊರಗೇ ತಡೆಯುವುದಕ್ಕೆ. ಪುಕ್ಕವೂ ಹಾಗೆ. ಕಾವು ಬಿಡಬೇಕಾದಾಗ ಹಕ್ಕಿ ರೆಕ್ಕೆ ಜೋಲಿಸಿ, ಪುಕ್ಕ ತೆಳುವಾಗಿರುವ ರೆಕ್ಕೆಯ ಬುಡ, ಪಕ್ಕೆಗಳನ್ನು ಗಾಳಿಗೊಡ್ಡುತ್ತದೆ. ಬರಿಗಾಲು ಇನ್ನೊಂದು ಕಿಟಕಿ. ಬೇಸಿಗೆಯಲ್ಲಿ ಕಾಲಿಗೆ ರಕ್ತ ಹೆಚ್ಚು ಹರಿಯುತ್ತದೆ. ಕೊಕ್ಕರೆಗಳು ಇದನ್ನೂ ಮೀರಿ ತಮ್ಮ ಕಾಲಿನ ಮೇಲೆ ತಾವೇ ಹಿಕ್ಕೆ ಹಾಕಿಕೊಳ್ಳುತ್ತವೆ. ತೆಳ್ಳನೆಯ ಹಿಕ್ಕೆಯ ನೀರು ಆರುವಾಗ ಕಾಲು ತಣ್ಣಗಾಗುತ್ತದೆ. ಬಣ್ಣದ ಕೊಕ್ಕರೆಯ ಕಾಲು ಬೇಸಿಗೆಯಲ್ಲಿ ಸುಣ್ಣ ಬಳಿದಂತೆ ಬೆಳ್ಳಗಿದ್ದರೆ ರೋಗವೆಂದು ಗಾಬರಿಯಾಗಬೇಕಿಲ್ಲ. ಸುರಪುರ ಕಡೆಯ ಬೋನಾಳ ಕೆರೆಯ ದಂಡೆಯಲ್ಲೋ ಬೀದರಿನ ಕಾರಂಜಾ ಹಿನ್ನೀರಿನಲ್ಲೋ ದುರ್ಬೀನು ಹಿಡಿದು ನೋಡುವವರು ಕಾಲಿನ ಬಣ್ಣ ನೋಡಿ ಹಕ್ಕಿ ಗುರುತಿಸುವಾಗ ಮೋಸ ಹೋಗುವುದೂ ಇದರಿಂದಲೇ.

ಹಿಕ್ಕೆಯ ಬಿಳಿಭಾಗ ಮೂತ್ರ. ನಮ್ಮಂತೆ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಹೊರಹಾಕದೆ, ಯೂರಿಕ್ ಆಮ್ಲವಾಗಿ ಹಿಟ್ಟಿನಂತೆ ಬಿಡುವುದರಿಂದ ನೀರು ಉಳಿಯುತ್ತದೆ. ಇಷ್ಟಾದರೂ ಯಾರಿಗೆ ನೀರು ಬೇಕು, ಯಾರಿಗೆ ಅಷ್ಟಾಗಿ ಬೇಡ ಅನ್ನುವುದನ್ನು ತೀರ್ಮಾನಿಸುವುದು ಊಟ. ಹುಳುವಿನ ಮೈಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಕಳ್ಳಿಪೀರ, ಕಾಜಾಣ ಹುಳು ತಿಂದೇ ಬಹುಮಟ್ಟಿಗೆ ಸುಧಾರಿಸುತ್ತವೆ. ಹದ್ದಿಗೆ ಮಾಂಸದ ನೀರು ಸಿಗುತ್ತದೆ. ಒಣಗಿದ ಜೋಳದ ಕಾಳಿನಲ್ಲಿ ನೀರು ನೂರಕ್ಕೆ ಹತ್ತು ಹನ್ನೆರಡು ಪಾಲು. ಹಾಗಾಗಿ ಕಾಳು ತಿನ್ನುವ ಗುಬ್ಬಿ, ಬೆಳವ, ಪಾರಿವಾಳಗಳಿಗೆ ದಿನವೂ ನೀರು ಸಿಗಲೇಬೇಕು. ಮಾಳಿಗೆಯ ಮೇಲೆ ನೀರಿಟ್ಟರೆ ಮೊದಲು ಬರುವವರು ಇವರೇ.

ಹದ್ದುಗಳದ್ದು ಬೇರೆಯೇ ಲೆಕ್ಕ. ಕಪ್ಪು ಎರೆಹೊಲ ಬಿಸಿಲಿಗೆ ಕಾದು ಅದರ ಮೇಲಿನ ಗಾಳಿ ಕಂಬದಂತೆ ಮೇಲೇಳುತ್ತದೆ. ರೆಕ್ಕೆತುದಿಯ ಗರಿಗಳನ್ನು ಬೆರಳಿನಂತೆ ಬಿಡಿಸಿ ಹದ್ದು ಆ ಕಂಬದೊಳಗೆ ಸುತ್ತುತ್ತಾ ಏರುತ್ತದೆ, ರೆಕ್ಕೆ ಬಡಿಯುವ ಶ್ರಮವಿಲ್ಲ. ಬಿಸಿಲಿನ ದಿನ ನೆಲದಿಂದ ಒಂದು ಕಿಲೋಮೀಟರ್ ಮೇಲೆ ಗಾಳಿ ಒಂಬತ್ತು ಹತ್ತು ಡಿಗ್ರಿ ತಂಪಾಗಿರುತ್ತದೆ. ಊರೆಲ್ಲ ಬೇಯುವಾಗ ಅದು ಮಹಾಬಳೇಶ್ವರದಲ್ಲಿರುತ್ತದೆ ಅನ್ನಿ.

ತತ್ತಿಗೆ ನೆರಳು

ಹುಟ್ಟುಗುಣ ಎಷ್ಟು ನಿಖರ ಅನ್ನುವುದನ್ನು ನೋಡಬೇಕಾದರೆ ಟಿಟ್ಟಿಭ ನೋಡಬೇಕು. ನೀರಿನ ಹತ್ತಿರ ಕೊಕ್ಕಿನ ಬುಡದಲ್ಲಿ ಕೆಂಪು ಚರ್ಮದ ಕೆಂಪು ಟಿಟ್ಟಿಭ, ಒಣ ಬರಡಿನಲ್ಲಿ ಹಳದಿ ಟಿಟ್ಟಿಭ. ಇದು ಆಕಾಶ ಬಿದ್ದೀತೆಂದು ಕಾಲು ಮೇಲೆ ಮಾಡಿ ಮಲಗುತ್ತದೆ ಅನ್ನುವ ಮಾತಿದೆ. ಮಲಗುವುದಿರಲಿ, ಮರದ ಮೇಲೆ ಕೂರುವುದೇ ಇದಕ್ಕೆ ಆಗದು. ಕಾಗೆ, ಗುಬ್ಬಿಗಳಿಗೆ ಹಿಂದಕ್ಕೆ ಚಾಚಿದ ಗಟ್ಟಿ ಬೆರಳಿದೆ, ಕಾಲು ಮಡಚಿದೊಡನೆ ಸ್ನಾಯುಹುರಿ ಬಿಗಿದು ಬೆರಳುಗಳು ತಾವೇ ಕೊಂಬೆಯನ್ನು ಅವಚುತ್ತವೆ, ನಿದ್ದೆಯಲ್ಲೂ ಬೀಳುವುದಿಲ್ಲ. ಟಿಟ್ಟಿಭದ ಕಾಲು ಓಡುವ ಕಾಲು, ಹಿಂಬೆರಳು ಕೊಂಬೆ ಹಿಡಿಯುವಂಥದ್ದಲ್ಲ. ಅದರ ಬದುಕೆಲ್ಲ ನೆಲದ ಮೇಲೆ, ತತ್ತಿಯೂ ನೆಲದ ಮೇಲೆ.

ಮಾರ್ಚಿನಿಂದ ಮಳೆಗಾಲದವರೆಗೆ, ಅಂದರೆ ಬಿಸಿಲಿನ ಉರಿಯಲ್ಲೇ, ಬಯಲಲ್ಲಿ ಒಂದು ಸಣ್ಣ ತಗ್ಗು ಮಾಡಿ, ಸುತ್ತ ಹರಳುಕಲ್ಲು ಜೋಡಿಸಿ, ಸಾಮಾನ್ಯವಾಗಿ ನಾಲ್ಕು ತತ್ತಿ ಇಡುತ್ತದೆ. ತತ್ತಿಯ ಒಂದು ತುದಿ ಚೂಪು. ನಾಲ್ಕರ ಚೂಪುತುದಿಯೂ ನಡುವಿಗೆ ಬರುವಂತೆ ಜೋಡಿಸಿದರೆ ಚಿಕ್ಕ ಜಾಗದಲ್ಲಿ ಹೊಂದಿಕೊಂಡು ತಾಯಿಯ ಹೊಟ್ಟೆಯಡಿ ನಾಲ್ಕೂ ಸೇರುತ್ತವೆ. ಮಣ್ಣುಬಣ್ಣ, ಕಪ್ಪು ಮಚ್ಚೆ, ಕಾಲಡಿ ಬಂದರೂ ಕಾಣುವುದಿಲ್ಲ.

ಕಾವು ಕೊಡುವುದು ಅನ್ನುತ್ತೇವೆ. ಮೇ ತಿಂಗಳಲ್ಲಿ ಟಿಟ್ಟಿಭ ಮಾಡುವುದು ಅದರ ವಿರುದ್ಧದ ಕೆಲಸ. ತತ್ತಿಯೊಳಗಿನ ಭ್ರೂಣ ಬೆಳೆಯಲು 37–38 ಡಿಗ್ರಿ ಬೇಕು. ಸ್ವಲ್ಪ ಹೊತ್ತು ತಣ್ಣಗಾದರೆ ತಡೆದೀತು, ನಾಲ್ಕೈದು ಡಿಗ್ರಿ ಹೆಚ್ಚಾದರೆ ತಡೆಯದು. ಮಧ್ಯಾಹ್ನದ ಎರೆಮಣ್ಣು, ಶಹಾಬಾದ್ ಫರಸಿ ಎರಡೂ 50 ಡಿಗ್ರಿ ದಾಟುತ್ತವೆ. ಅದಕ್ಕೇ ಹಕ್ಕಿ ತತ್ತಿಗೆ ಒತ್ತಿ ಕೂರದೆ, ಮೇಲೆ ನಿಂತು ರೆಕ್ಕೆ ತುಸು ಬಿಚ್ಚಿ ನೆರಳು ಕೊಡುತ್ತದೆ. ಗಂಡು ಹೆಣ್ಣು ಪಾಳಿ ಹಾಕುತ್ತವೆ. ಪಾಳಿಗೆ ಬರುವ ಹಕ್ಕಿ ಹಳ್ಳಕ್ಕೋ ಕಾಲುವೆಗೋ ಇಳಿದು ಹೊಟ್ಟೆಯ ಪುಕ್ಕ ತೋಯಿಸಿಕೊಂಡು ಬಂದು ತತ್ತಿಯ ಮೇಲೆ ಕೂರುತ್ತದೆ. ಒದ್ದೆ ಪುಕ್ಕ ತತ್ತಿಯನ್ನು ತಂಪು ಮಾಡುತ್ತದೆ, ಮರಿ ಹೊರಬಂದ ಮೇಲೆ ಮರಿಯನ್ನೂ. ಯಾರೂ ಕಲಿಸಿದ್ದಲ್ಲ ಇದು.

ಇಲ್ಲಿ ನಾವು ಕೆಡಿಸುವ ಬಗೆ ಸರಳ. ಗೂಡು ಕಂಡಿತೆಂದು ಮೊಬೈಲ್ ಹಿಡಿದು ಹತ್ತಿರ ನಿಲ್ಲುತ್ತೇವೆ. ಹಕ್ಕಿ ಎದ್ದು ಕಿರುಚುತ್ತಾ ತಲೆಯ ಮೇಲೆ ಸುತ್ತುತ್ತದೆ. ನಮಗದು ತಮಾಷೆ. ನಡುಬಿಸಿಲಲ್ಲಿ ಹತ್ತು ಹದಿನೈದು ನಿಮಿಷ ಹೀಗೆ ನಿಂತರೆ ನೆರಳಿಲ್ಲದ ತತ್ತಿ ಒಳಗೇ ಬೇಯುತ್ತದೆ, ಹೊರಗೆ ಏನೂ ಗೊತ್ತಾಗುವುದಿಲ್ಲ. ಹಕ್ಕಿ ಆ ಸತ್ತ ತತ್ತಿಯ ಮೇಲೆ ಮುಂದೆ ಎಷ್ಟೋ ದಿನ ಕೂರುತ್ತದೆ. ನೋಡಲೇಬೇಕೆಂದರೆ ಬೆಳಗಿನ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ, ಮೂವತ್ತು ಮೀಟರ್ ದೂರದಿಂದ. ದನ ಕುರಿ ಬಂದರೆ ಟಿಟ್ಟಿಭ ತತ್ತಿಯ ಹತ್ತಿರವೇ ರೆಕ್ಕೆ ಬಿಚ್ಚಿ ನಿಂತು ಎದುರಿಸುತ್ತದೆ. ನಾಯಿ, ಮನುಷ್ಯ ಬಂದರೆ ದೂರ ಎಳೆದೊಯ್ಯಲು ಗದ್ದಲ ಮಾಡುತ್ತದೆ. ಗದ್ದಲ ಜೋರಾಗುತ್ತಾ ಹೋದರೆ ನೀವು ಹತ್ತಿರವಾಗುತ್ತಿದ್ದೀರಿ, ಹಿಂದಕ್ಕೆ ಸರಿಯಿರಿ.

ಈಗೀಗ ಚಪ್ಪಟೆ ಮಾಳಿಗೆಯ ಮೇಲೂ ಟಿಟ್ಟಿಭ ತತ್ತಿ ಇಡುತ್ತದೆ. ಜಲ್ಲಿ ಹರಡಿದ ಮಾಳಿಗೆ ಅದರ ಕಣ್ಣಿಗೆ ಒಳ್ಳೆಯ ಬರಡುನೆಲ, ನಾಯಿ ಬರದು. ಹುಟ್ಟುಗುಣಕ್ಕೆ ಗೊತ್ತಿಲ್ಲದ್ದು ಸುತ್ತಲಿನ ಗೋಡೆ. 28–30 ದಿನಕ್ಕೆ ಒಡೆದು ಬರುವ ಮರಿಗಳು ಕೆಲವೇ ಗಂಟೆಯಲ್ಲಿ ಓಡಾಡುತ್ತವೆ, ತಾಯಿ ತಂದೆ ಗುಟುಕು ಕೊಡುವುದಿಲ್ಲ, ಹುಳು ಹುಪ್ಪಟೆ ತಾವೇ ಹುಡುಕಿ ತಿನ್ನಬೇಕು. ಮಾಳಿಗೆಯ ಮೇಲೆ ಹುಳು ಎಲ್ಲಿ? ಇಂಥ ಕಡೆ ಮಾಡಬಹುದಾದದ್ದು ಎರಡು. ತತ್ತಿ ಇರುವಾಗಲೇ ಮಳೆನೀರಿನ ಕೊಳವೆಯ ಬಾಯಿಗೆ ಜಾಲರಿ ಕಟ್ಟಿ, ಮರಿ ಆ ಕೊಳವೆಯೊಳಗೆ ಜಾರುವುದೇ ಹೆಚ್ಚು. ನಾಲ್ಕೂ ಒಡೆದ ಮರುದಿನ ಬೆಳಗಿನ ತಂಪಿನಲ್ಲಿ ಮರಿಗಳನ್ನು ರಟ್ಟಿನ ಡಬ್ಬಿಯಲ್ಲಿಟ್ಟು ಕೆಳಗಿನ ಬಯಲಿಗೆ ಇಳಿಸಿ ದೂರ ಸರಿಯಿರಿ. ದೊಡ್ಡವು ಕೂಗುತ್ತಾ ಹಿಂದೆಯೇ ಬರುತ್ತವೆ, ಬೈದುಕೊಂಡೇ ಬರುತ್ತವೆ.

ನೀರು ಹೊರುವುದರಲ್ಲಿ ಟಿಟ್ಟಿಭವನ್ನು ಮೀರಿಸುವ ಹಕ್ಕಿಯೂ ದಖ್ಖನಿನ ಒಣಬಯಲಲ್ಲಿದೆ, ಸ್ಯಾಂಡ್‌ಗ್ರೌಸ್. ಗೌಜಲಕ್ಕಿ ಅನ್ನುವ ಹೆಸರನ್ನು ಜನ ಎರಡು ಮೂರು ಹಕ್ಕಿಗಳಿಗೆ ಹಚ್ಚುವುದರಿಂದ ಗೊಂದಲ; ಇದು ಪಾರಿವಾಳದ ಮೈಕಟ್ಟಿನ, ಗಿಡ್ಡಕಾಲಿನ, ಮಣ್ಣುಬಣ್ಣದ್ದು. ಗಂಡಿನ ಹೊಟ್ಟೆಯ ಗರಿಯ ಸಣ್ಣ ಎಳೆಗಳು ಸುರುಳಿ ಸುತ್ತಿಕೊಂಡಿರುತ್ತವೆ. ಒದ್ದೆಯಾದೊಡನೆ ಸುರುಳಿ ಬಿಚ್ಚಿ ಎಳೆಗಳು ನೆಟ್ಟಗೆ ನಿಂತು ನಡುವೆ ನೀರನ್ನು ಹಿಡಿಯುತ್ತವೆ. ಆಫ್ರಿಕದ ನಮಾಕ್ವ ಸ್ಯಾಂಡ್‌ಗ್ರೌಸ್ ಸುಮಾರು 25 ಮಿಲಿಲೀಟರ್ ಹೊರಬಲ್ಲದು. ಮರಿಗಳು ತಂದೆಯ ಹೊಟ್ಟೆಯಡಿ ನಿಂತು ಆ ಗರಿಗಳನ್ನು ಕೊಕ್ಕಿನಲ್ಲಿ ಜಗ್ಗಿ ನೀರು ಹೀರುತ್ತವೆ. 1896ರಲ್ಲಿ ಮೀಡ್-ವಾಲ್ಡೊ ಎಂಬ ಇಂಗ್ಲಿಷ್ ಪಕ್ಷಿಪ್ರೇಮಿ ಇದನ್ನು ಬರೆದಾಗ ಹಲವರು ನಂಬಲಿಲ್ಲ.

ರೋಗದಂತೆ ಕಾಣುವ ಆರೋಗ್ಯ

ಬೆಳವವೋ ಗೊರವಂಕವೋ ಅಂಗಳದಲ್ಲಿ ಒಂದು ರೆಕ್ಕೆ ಬಿಚ್ಚಿ, ಬಾಲ ಹರಡಿ, ಕೊಕ್ಕು ತೆರೆದು ಒಂದು ಮಗ್ಗುಲಿಗೆ ಬಿದ್ದಿದೆ. ಸತ್ತೇ ಹೋಯಿತು ಎಂದು ಓಡಿಹೋದರೆ ಪುರ್ರನೆ ಹಾರುತ್ತದೆ. ಅದು ಬಿಸಿಲು ಕಾಯಿಸುತ್ತಿತ್ತು. ಕಾದ ಗರಿಗಳಲ್ಲಿ ಹೇನುಗಳು ಸಾಯುತ್ತವೆ, ಇಲ್ಲವೇ ಜಾಗ ಬಿಟ್ಟು ಸರಿದು ಕೊಕ್ಕಿಗೆ ಸಿಗುತ್ತವೆ. ಗುಬ್ಬಿಗಳ ಧೂಳುಸ್ನಾನ ಇದರದೇ ಜೊತೆಗಾರ. ಬಾಲದ ಬುಡದ ಗ್ರಂಥಿಯಿಂದ ತೆಗೆದು ಪುಕ್ಕಕ್ಕೆ ಹಚ್ಚುವ ಎಣ್ಣೆ ಹೆಚ್ಚಾದರೆ ಪುಡಿಮಣ್ಣು ಅದನ್ನು ಹೀರಿಕೊಳ್ಳುತ್ತದೆ. ಸಿಮೆಂಟು ಬಳಿದ ಅಂಗಳಗಳಲ್ಲಿ ಗುಬ್ಬಿಗೆ ಸಿಗದಿರುವುದು ಇದೇ. ಹಿತ್ತಲಲ್ಲಿ ಎರಡು ಅಡಿ ಅಗಲ, ನಾಲ್ಕು ಬೆರಳು ಆಳ ಒಣ ಜರಡಿಮಣ್ಣು ಇದ್ದರೆ ಸಾಕು. ಮರಿ ಮಾಡಿ ಮುಗಿದ ಮೇಲೆ ಗರಿ ಉದುರಿಸುವ ಕಾಲ ಬರುತ್ತದೆ. ತಲೆ ಬೋಳಾದ ಗೊರವಂಕ ಕಂಡರೆ ಔಷಧ ಬೇಡ.

ಹಾಗಾದರೆ ನಿಜವಾದ ರೋಗ ಯಾವುದು? 42 ಡಿಗ್ರಿಯ ಬಿಸಿಲಲ್ಲಿ ಪುಕ್ಕ ಉಬ್ಬಿಸಿಕೊಂಡು ಚೆಂಡಿನಂತೆ ಕೂತ ಹಕ್ಕಿ. ಕಾವು ಬಿಡಬೇಕಾದ ಹೊತ್ತಿನಲ್ಲಿ ಕಾವು ಕೂಡಿಡುತ್ತಿದೆ ಅಂದರೆ ಒಳಗೆ ಏನೋ ಕೆಟ್ಟಿದೆ. ತೇಕುವ ಹಕ್ಕಿಯನ್ನು ಬಿಡಿ, ಇದನ್ನು ನೋಡಿ. ಕುತ್ತಿಗೆ ತಿರುಚಿಕೊಂಡು ಸುತ್ತುವ ಪಾರಿವಾಳಕ್ಕೆ ಹೆಚ್ಚಾಗಿ ವೈರಸ್ ರೋಗ ಬಂದಿರುತ್ತದೆ, ಅದನ್ನು ಸಾಕಿದ ಕೋಳಿಗಳ ಹತ್ತಿರ ತರಬೇಡಿ. ಒಂದೇ ಜಾಗದಲ್ಲಿ ಹಲವು ಕಾಗೆ ಸತ್ತು ಬಿದ್ದಿದ್ದರೆ ಬರಿಗೈಲಿ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಬೇಕು.

ಕೆಂಪು ಬಾಯಿಯ ಆಜ್ಞೆ

ಕಣ್ಣು ಬಿಡದ ಮರಿ ಗೂಡು ಅಲುಗಿದರೆ ಸಾಕು, ಕತ್ತು ಚಾಚಿ ಬಾಯಿ ತೆರೆಯುತ್ತದೆ. ಅಗಲಕ್ಕೆ ತೆರೆದ ಆ ಬಣ್ಣದ ಬಾಯಿ ಕಂಡರೆ ದೊಡ್ಡ ಹಕ್ಕಿಗೆ ಗುಟುಕು ಹಾಕದೆ ಇರಲಾಗದು. ಮರಿ ತನ್ನದೋ ಅಲ್ಲವೋ ಅನ್ನುವ ಪ್ರಶ್ನೆ ಅಲ್ಲಿಲ್ಲ. ಕೋಗಿಲೆ ಬದುಕಿರುವುದೇ ಈ ಕುರುಡಿನ ಮೇಲೆ. ಕಾಗೆಯ ಗೂಡಿನಲ್ಲಿಟ್ಟ ಕೋಗಿಲೆಯ ತತ್ತಿ ಕಾಗೆಯ ತತ್ತಿಗಿಂತ ಮೊದಲೇ ಒಡೆಯುತ್ತದೆ, ಮೊದಲು ಬಂದ ಬಾಯಿಗೆ ಮೊದಲ ಗುಟುಕು. ಕಾಗೆ ಇಷ್ಟು ಜಾಣ ಹಕ್ಕಿಯಾಗಿಯೂ ಮೋಸ ಹೋಗುವುದು ನೋಡಿದರೆ ಜಾಣತನ, ಹುಟ್ಟುಗುಣ ಬೇರೆಬೇರೆ ಕೋಣೆಯಲ್ಲಿರುತ್ತವೆ ಅನ್ನಿಸುತ್ತದೆ.

ಇದೇ ನಿಯಮದ ಇನ್ನೊಂದು ಮುಖ: ಬಾಯಿ ತೆರೆಯದ ಮರಿಗೆ ಗುಟುಕಿಲ್ಲ. ತಗಡಿನ ಶೆಡ್ಡಿನ ಸಂದಿಯಲ್ಲಿ ಕಟ್ಟಿದ ಗುಬ್ಬಿಗೂಡು ಮೇ ತಿಂಗಳಲ್ಲಿ ಒಲೆಯಾಗುತ್ತದೆ. ಮೊದಲ ವಾರದ ಮರಿಗೆ ತನ್ನ ಮೈಶಾಖ ಕಾಯ್ದುಕೊಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಕಾದ ಮರಿ ಸೋತು ಬಾಯಿ ತೆರೆಯದು, ತುಸು ದೊಡ್ಡವು ಗೂಡಿನ ಬಾಯಿಗೆ ಸರಿದು ಕೆಳಗೆ ಬೀಳುತ್ತವೆ. ಬಿದ್ದ ಮರಿಯನ್ನು ಎತ್ತಿ ಗೂಡಿಗೆ ಒಯ್ಯುವ ಅಂಗವೂ ಇಲ್ಲ, ಹುಟ್ಟುಗುಣವೂ ಇಲ್ಲ ಗುಬ್ಬಿಗೆ. ಇಲ್ಲಿ ಮನುಷ್ಯನ ಕೈ ಕೆಲಸಕ್ಕೆ ಬರುತ್ತದೆ.

ಮೊದಲು ಮರಿಯ ಮೈ ನೋಡಿ. ಮೈತುಂಬ ಪುಕ್ಕ, ಮೋಟು ಬಾಲ, ಕುಪ್ಪಳಿಸುತ್ತದೆ ಅಂದರೆ ಅದು ಗೂಡು ಬಿಟ್ಟು ಹಾರಲು ಕಲಿಯುತ್ತಿರುವ ಮರಿ. ಬೆಕ್ಕಿನ ಬಾಯಿಂದ ತಪ್ಪಿಸಲು ಹತ್ತಿರದ ಪೊದೆಯ ನೆರಳಿಗೆ ಏರಿಸಿ, ಅಷ್ಟೇ. ಬೆತ್ತಲೆ ಮರಿ ಅಥವಾ ಗರಿಮೊಳಕೆ ಮಾತ್ರ ಬಂದ ಮರಿಯಾದರೆ ಗೂಡಿಗೆ ಸೇರಿಸಬೇಕು. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಅನ್ನುವುದು ಸುಳ್ಳು. ಗೂಡು ಹಾಳಾಗಿದ್ದರೆ ಚಿಕ್ಕ ಬುಟ್ಟಿಯ ತಳಕ್ಕೆ ಒಣಹುಲ್ಲು ಹಾಸಿ, ಹಳೆಯ ಗೂಡಿನಿಂದ ಒಂದೆರಡು ಮೀಟರಿನೊಳಗೆ, ಮಧ್ಯಾಹ್ನದ ಬಿಸಿಲು ತಾಕದ ಕಡೆ ಕಟ್ಟಿ. ಹತ್ತು ಹದಿನೈದು ಮೀಟರ್ ದೂರ ನಿಂತು ಎರಡು ಗಂಟೆ ನೋಡಿ. ಮರಿಯ ಕೂಗಿಗೆ ದೊಡ್ಡವು ಬರುತ್ತವೆ. ನೀವು ಬುಡದಲ್ಲೇ ನಿಂತಿದ್ದರೆ ಬರುವುದಿಲ್ಲ, ಆಮೇಲೆ "ತಾಯಿ ಬರಲೇ ಇಲ್ಲ" ಅನ್ನಬೇಡಿ.

ಬಿಸಿಲಿಗೆ ತಲೆತಿರುಗಿ ಬಿದ್ದ ದೊಡ್ಡ ಹಕ್ಕಿಯನ್ನು ಹತ್ತಿಬಟ್ಟೆಯಲ್ಲಿ ರೆಕ್ಕೆ ಮಡಚಿ ಸಡಿಲವಾಗಿ ಎತ್ತಿ, ತೂತು ಕೊರೆದ ರಟ್ಟಿನ ಡಬ್ಬಿಯಲ್ಲಿಟ್ಟು ಮುಚ್ಚಿ, ನೆರಳಲ್ಲಿಡಿ. ಕತ್ತಲೆಯಲ್ಲಿ ಹೆದರಿಕೆ ಇಳಿಯುತ್ತದೆ, ಹೆದರಿಕೆ ಇಳಿದರೆ ಮೈಕಾವೂ ಇಳಿಯುತ್ತದೆ. ಕಾಲಿಗೆ ಗಡಿಗೆಯ ನೀರು ಸವರಿ, ಐಸ್ ಬೇಡ, ಮೈಯೆಲ್ಲ ತೋಯಿಸುವುದೂ ಬೇಡ. ಬಾಯಿಗೆ ನೀರು ಹುಯ್ಯಲೇಬಾರದು. ಹಕ್ಕಿಯ ಉಸಿರುಕೊಳವೆಯ ಬಾಯಿ ನಾಲಿಗೆಯ ಬುಡದಲ್ಲೇ ತೆರೆದಿದೆ, ನಮಗಿರುವಂಥ ಮುಚ್ಚಳ ಅದಕ್ಕಿಲ್ಲ. ಹುಯ್ದ ನೀರು ನೇರ ಗಾಳಿಚೀಲಕ್ಕೆ. ಕೊಕ್ಕಿನ ಪಕ್ಕಕ್ಕೆ ಒಂದು ಹನಿ ತಾಕಿಸಿದರೆ ಬೇಕಾದ ಹಕ್ಕಿ ತಾನೇ ನುಂಗುತ್ತದೆ. ಅರ್ಧ ತಾಸಿನಲ್ಲಿ ಒಳಗೆ ಬಡಿದಾಡತೊಡಗಿದರೆ ಹೊತ್ತಿಳಿದ ಮೇಲೆ ಅದೇ ಜಾಗದಲ್ಲಿ ಬಿಟ್ಟುಬಿಡಿ. ಗಾಯವಾಗಿದ್ದರೆ ಪಶುವೈದ್ಯರ ಬಳಿಗೆ. ಇಟ್ಟುಕೊಂಡು ಸಾಕುವ ಆಸೆ ಬೇಡ. ಗಿಣಿಯಂಥ ನಮ್ಮ ನೆಲದ ಕಾಡುಹಕ್ಕಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಹಾಲು, ಬ್ರೆಡ್ಡು, ಉಪ್ಪು ಬೆರೆಸಿದ ಅನ್ನ ಮೂರೂ ಬೇಡ. ಹಾಲಿನ ಸಕ್ಕರೆ ಹಕ್ಕಿಗೆ ಅರಗದು. ಪಾರಿವಾಳದ ಹಾಲು ಅನ್ನುವುದು ನಿಜವೇ, ಆದರೆ ಅದು ಬೇರೆ. ಗಂಡು ಹೆಣ್ಣು ಎರಡರ ಮೇವುಚೀಲದ ಒಳಪದರ ಉದುರಿ ಗಿಣ್ಣಿನಂತಾಗುವ ಪ್ರೋಟೀನು, ಕೊಬ್ಬು ಅದು. ಮೊದಲ ನಾಲ್ಕೈದು ದಿನ ಮರಿಗೆ ಅದೇ ಊಟ. ಪಾರಿವಾಳ, ಬೆಳವದ ಮರಿ ಬೇರೆ ಮರಿಗಳಂತೆ ಬಾಯಿ ತೆರೆಯುವುದೂ ಇಲ್ಲ, ತನ್ನ ಕೊಕ್ಕನ್ನು ತಾಯಿಯ ಬಾಯೊಳಗೆ ತೂರಿಸುತ್ತದೆ. ಹಾಗಾಗಿ ಬೆಳವದ ಮರಿ "ಏನೂ ತಿನ್ನವಲ್ದು" ಅನ್ನುವ ದೂರು ಸಾಮಾನ್ಯ. ಅಕ್ಕಿ ತಿಂದರೆ ಹೊಟ್ಟೆಯಲ್ಲಿ ಉಬ್ಬಿ ಸಾಯುತ್ತದೆ ಅನ್ನುವುದು ಕಟ್ಟುಮಾತು. ಸಜ್ಜೆ, ನವಣೆ, ಜೋಳದ ನುಚ್ಚು, ಅಕ್ಕಿ ಯಾವುದಾದರೂ ಹಸಿಯಾಗಿಯೇ ಹಾಕಬಹುದು. ಜೊತೆಗೆ ಒಂದು ಹಿಡಿ ದಪ್ಪ ಉಸುಕು, ಹಲ್ಲಿಲ್ಲದ ಹಕ್ಕಿಯ ಹೊಟ್ಟೆಯಲ್ಲಿ ಬೀಸುವ ಕಲ್ಲು ಅದೇ.

ಗುಬ್ಬಿಗೂಡಿನ ಪೆಟ್ಟಿಗೆ ಕಟ್ಟುವವರು ತಗಡು, ಪ್ಲಾಸ್ಟಿಕ್ಕು ಬಿಟ್ಟುಬಿಡಬೇಕು. ಮುಕ್ಕಾಲು ಇಂಚು ದಪ್ಪದ ಹಲಗೆ, ತಳ ಸುಮಾರು 15×15 ಸೆಂ.ಮೀ., ಎತ್ತರ 22–25, ತಳದಿಂದ 15 ಸೆಂ.ಮೀ. ಮೇಲೆ 32 ಮಿ.ಮೀ. ತೂತು. ತೂತು ಇದಕ್ಕಿಂತ ತುಂಬ ದೊಡ್ಡದಾದರೆ ಗೊರವಂಕ ನುಗ್ಗುತ್ತದೆ. ಕೂರಲು ಕಡ್ಡಿ ಹೊಡೆಯಬೇಡಿ, ಅದು ಶತ್ರುವಿಗೇ ಅನುಕೂಲ. ಮೇಲ್ಭಾಗದ ಪಕ್ಕಗಳಲ್ಲಿ ಗಾಳಿಗೆ, ತಳದಲ್ಲಿ ನೀರಿಳಿಯಲು ಸಣ್ಣ ತೂತುಗಳಿರಲಿ. ಮುಖ ಪೂರ್ವಕ್ಕೋ ಉತ್ತರಕ್ಕೋ. ಸೀಲಿಂಗ್ ಫ್ಯಾನ್ ಇರುವ ಕೋಣೆ ಬೇಡವೇ ಬೇಡ.

ನೀರಿಡುವುದಕ್ಕೆ ಮಣ್ಣಿನ ಅಗಲ ಪಾತ್ರೆಯೇ ಸರಿ. ಸ್ಟೀಲ್ ತಟ್ಟೆ ಹನ್ನೊಂದು ಗಂಟೆಗೇ ಕಾದು ಬಿಡುತ್ತದೆ. ಆಳ ಎರಡು ಇಂಚು ದಾಟಬಾರದು, ನಡುವೆ ಒಂದು ಒರಟು ಕಲ್ಲು. ಪಾರಿವಾಳ, ಬೆಳವಗಳು ಕೊಕ್ಕು ಅದ್ದಿ ಒಂದೇ ಸಮ ಹೀರುತ್ತವೆ; ಗುಬ್ಬಿ ಒಂದೊಂದೇ ಗುಟುಕು ತುಂಬಿ ತಲೆ ಮೇಲೆತ್ತಿ ಇಳಿಸಬೇಕು, ಹಾಗಾಗಿ ಅದಕ್ಕೆ ಗಟ್ಟಿಯಾಗಿ ನಿಲ್ಲುವ ಜಾಗ ಬೇಕು. ನೆರಳಿರಲಿ, ಆದರೆ ಬೆಕ್ಕು ಅಡಗುವ ಪೊದೆಯಿಂದ ಎರಡು ಮೂರು ಮೀಟರ್ ದೂರವಿರಲಿ. ದಿನಾ ನೀರು ಚೆಲ್ಲಿ, ಎರಡು ದಿನಕ್ಕೊಮ್ಮೆ ತೆಂಗಿನ ನಾರಿನಿಂದ ತಿಕ್ಕಿ, ಒಣಗಿಸಿ ತುಂಬಬೇಕು. ಇದನ್ನು ತಪ್ಪಿಸಿದರೆ ಪಾತ್ರೆ ಸೊಳ್ಳೆಯ ತೊಟ್ಟಿಲಾಗುತ್ತದೆ. ಪಾರಿವಾಳಗಳ ಗಂಟಲಲ್ಲಿ ಹಳದಿ ಗಟ್ಟಿ ಕಟ್ಟುವ ಟ್ರೈಕೊಮೊನಾಸ್ ರೋಗ ಹಂಚಿ ಕುಡಿದ ಇಂಥ ನೀರಿನಿಂದಲೂ ಹರಡುತ್ತದೆ. ಪಾರಿವಾಳ ಹೆಚ್ಚು ಬರುವ ಮಾಳಿಗೆಯಾದರೆ ಒಂದು ದೊಡ್ಡ ಪಾತ್ರೆಯ ಬದಲು ಮೂರು ಚಿಕ್ಕವನ್ನು ದೂರ ದೂರ ಇಡಿ.

ಇನ್ನೊಂದು, ಬಹಳ ಜನ ಮರೆಯುವುದು. ಹೊಲದ ಸಿಮೆಂಟಿನ ಹೌದ, ಹಿತ್ತಲಿನ ಡ್ರಮ್ಮು ಅರ್ಧ ತುಂಬಿದ್ದರೆ ನೀರು ಕಂಡು ಇಳಿದ ಹಕ್ಕಿ ನುಣುಪು ಗೋಡೆ ಹತ್ತಲಾಗದೆ ಮುಳುಗುತ್ತದೆ. ಒಂದು ಜಾಲಿಕೊಂಬೆಯನ್ನೋ ಹಳೆಯ ಹಲಗೆಯನ್ನೋ ಓರೆಯಾಗಿ, ಒಂದು ತುದಿ ನೀರಿನಲ್ಲಿ, ಇನ್ನೊಂದು ತುದಿ ಅಂಚಿನ ಮೇಲೆ ಬರುವಂತೆ ಇಟ್ಟರಾಯಿತು. ನೀರಿನ ಮಟ್ಟ ಇಳಿದಾಗ ಹಲಗೆಯ ತುದಿಯೂ ಇಳಿಯಬೇಕು. ಮೇಲಿನ ತುದಿಗೆ ಹಗ್ಗ ಸಡಿಲವಾಗಿ ಕಟ್ಟಿ.